ಕೈಕಸುಬಿಗೆ ಮಾನ ತಂದ ಕಮಲಾದೇವಿ ಚಟ್ಟೋಪಾಧ್ಯಾಯ

ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಯಾರ ಜೀವನವನ್ನು ನೆನೆಯಬೇಕು ಎಂದು ಯೋಚಿಸಿದಾಗ ನನ್ನ ಕಣ್ಮುಂದೆ ಬಂದದ್ದು ನಮ್ಮ ಮುಂಡಗೋಡ ಟಿಬೆಟನ್ ಕಾಲೊನಿಯ ಮಗ್ಗ. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತ ಹೆಂಗಸರು ಅಡ್ಡ ಸಲಾಕೆಗೆ ಉಣ್ಣೆಯ ನೂಲು ಸುತ್ತುತ್ತ ಹೋಗುತ್ತಾರೆ. ಸಾಲು ಮುಗಿದ ಮೇಲೆ ಆ ಸುತ್ತುಗಳನ್ನು ಚಾಕುವಿನಿಂದ ಕೊಯ್ದು, ಬಡಿದು ಕೂರಿಸುತ್ತಾರೆ. ಹೀಗೆ ಸಾಲು ಸಾಲಾಗಿ ಒಂದು ಗಾಲೀಚೆ ಮೇಲೇಳುತ್ತದೆ. ಸುತ್ತಲಿನ ಊರುಗಳಲ್ಲಿ ಸಿದ್ದಿ ಹೆಂಗಸರು ಹಳೆಯ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯುತ್ತಾರೆ. ಲಂಬಾಣಿ ಅಜ್ಜಿಯರು ಬಟ್ಟೆಗೆ ಕನ್ನಡಿ ಚೂರು ಕೂರಿಸುತ್ತಾರೆ. ಇಂಥ ಕೈಗಳ ಕೆಲಸಕ್ಕೆ ತಕ್ಕ ಬೆಲೆ ಬರಬೇಕು, ಆ ಬೆಲೆ ಕೆಲಸ ಮಾಡಿದವಳ ಕೈಗೇ ಸೇರಬೇಕು ಎಂದು ಜೀವಮಾನವಿಡೀ ದುಡಿದವರು ನಮ್ಮ ಕರಾವಳಿಯ ಮಗಳೇ ಆದ ಕಮಲಾದೇವಿ ಚಟ್ಟೋಪಾಧ್ಯಾಯ.

ಕಮಲಾದೇವಿಯವರು 1903ರ ಏಪ್ರಿಲ್ 3ರಂದು ಮಂಗಳೂರಿನಲ್ಲಿ ಜನಿಸಿದರು. ತಂದೆ ಅನಂತಯ್ಯ ಧಾರೇಶ್ವರ, ತಾಯಿ ಗಿರಿಜಾಬಾಯಿ. ಧಾರೇಶ್ವರ ಎಂಬ ಹೆಸರಿನ ಊರು ನಮ್ಮ ಜಿಲ್ಲೆಯ ಕುಮಟಾ ತಾಲೂಕಿನಲ್ಲಿದೆ ಎಂಬುದನ್ನು ಇಲ್ಲಿ ನೆನೆಯಬಹುದು. ತಂದೆ ಸರ್ಕಾರಿ ಅಧಿಕಾರಿ, ಮನೆ ಅನುಕೂಲಸ್ಥರದು. ಆದರೆ ಮಗಳಿಗೆ ಏಳು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಅವರು ಉಯಿಲು ಬರೆದಿರಲಿಲ್ಲ. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನಿಗೆ ಹೋಯಿತು. ಹೆಂಡತಿಗೂ ಮಗಳಿಗೂ ಸಿಗುವುದು ತಿಂಗಳಿಗಿಷ್ಟು ಎಂಬ ಜೀವನಾಂಶ ಮಾತ್ರ. ಗಿರಿಜಾಬಾಯಿ ಅದನ್ನು ಬೇಡವೆಂದು ತಳ್ಳಿ, ತವರಿನಿಂದ ಬಂದದ್ದರಲ್ಲೇ ಮಗಳನ್ನು ಬೆಳೆಸಿದರು. ತನ್ನದೆಂಬ ಗಳಿಕೆ ಇಲ್ಲದ ಹೆಣ್ಣಿನ ಪಾಡು ಏನೆಂಬುದನ್ನು ಕಮಲಾದೇವಿ ಮನೆಯಲ್ಲೇ ಕಂಡರು.

14ನೆಯ ವಯಸ್ಸಿನಲ್ಲಿ ಮದುವೆ. ಎರಡು ವರ್ಷದೊಳಗೆ ವೈಧವ್ಯ. ಆ ಕಾಲದಲ್ಲಿ ಅಲ್ಲಿಗೆ ಹೆಣ್ಣಿನ ಬದುಕು ಮುಗಿದಂತೆಯೇ. ಆದರೆ ಅವರ ಓದು ನಿಲ್ಲಲಿಲ್ಲ. ಮದರಾಸಿನಲ್ಲಿ ಓದುವಾಗ ಸರೋಜಿನಿ ನಾಯ್ಡು ಅವರ ತಮ್ಮ, ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಗಿ, ಟೀಕೆಗಳ ನಡುವೆಯೇ ಅವರನ್ನು ಮದುವೆಯಾದರು. ಮುಂದೆ ಇಬ್ಬರೂ ಬೇರೆಯಾದರು.

1926ರಲ್ಲಿ ಮದರಾಸು ವಿಧಾನ ಪರಿಷತ್ತಿಗೆ ಸ್ಪರ್ಧಿಸಿ ಅಲ್ಪ ಮತಗಳಿಂದ ಸೋತರು. ಶಾಸನಸಭೆಯ ಚುನಾವಣೆಗೆ ನಿಂತ ದೇಶದ ಮೊದಲ ಮಹಿಳೆಯರಲ್ಲಿ ಅವರೊಬ್ಬರು. 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರು ಹೆಂಗಸರನ್ನು ಸೇರಿಸಿಕೊಂಡಿರಲಿಲ್ಲ. ಕಮಲಾದೇವಿ ಅವರನ್ನೇ ಕಂಡು, ಉಪ್ಪಿನ ಹೋರಾಟ ಹೆಂಗಸರಿಗೂ ಸೇರಿದ್ದೆಂದು ವಾದಿಸಿ ಒಪ್ಪಿಗೆ ಪಡೆದರು. ಮುಂಬಯಿಯಲ್ಲಿ ಉಪ್ಪಿನ ಪೊಟ್ಟಣ ಮಾರಿ ಜೈಲು ಸೇರಿದರು. ಅದೇ ವರ್ಷ ನಮ್ಮ ಅಂಕೋಲೆಯಲ್ಲೂ ಉಪ್ಪಿನ ಸತ್ಯಾಗ್ರಹ ನಡೆದದ್ದು ಜಿಲ್ಲೆಯ ಹಿರಿಯರಿಗೆ ಗೊತ್ತು. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರ ಸೇವಾದಳದಲ್ಲೂ ಅವರು ದುಡಿದಿದ್ದರು.

ಸ್ವಾತಂತ್ರ್ಯ ಬಂದಾಗ ಅನೇಕ ಹೋರಾಟಗಾರರು ಅಧಿಕಾರದ ಕಡೆ ನಡೆದರು. ಕಮಲಾದೇವಿ ನಡೆದದ್ದು ನಿರಾಶ್ರಿತರ ಡೇರೆಗಳ ಕಡೆಗೆ. ದೇಶ ವಿಭಜನೆಯಲ್ಲಿ ಮನೆಮಾರು ಕಳೆದುಕೊಂಡು ಬಂದವರಿಗೆ ದಾನದ ಅನ್ನ ಹಾಕುತ್ತ ಕೂತರೆ ಅವರು ಎಂದೂ ನಿರಾಶ್ರಿತರಾಗಿಯೇ ಉಳಿಯುತ್ತಾರೆ ಎಂಬುದು ಅವರ ನಿಲುವು. 1948ರಲ್ಲಿ ಭಾರತೀಯ ಸಹಕಾರ ಸಂಘವನ್ನು ಕಟ್ಟಿದರು. ದೆಹಲಿ ಬಳಿಯ ಛತರ್‌ಪುರದಲ್ಲಿ ನಿರಾಶ್ರಿತ ರೈತರು ಒಟ್ಟಾಗಿ ಬೇಸಾಯಕ್ಕೆ ಇಳಿದರು. ಫರೀದಾಬಾದಿನಲ್ಲಿ ವಾಯವ್ಯ ಗಡಿ ಪ್ರಾಂತ್ಯದಿಂದ ಬಂದವರು ಗುತ್ತಿಗೆದಾರರಿಗೆ ಕಾಯದೆ ತಮ್ಮ ಕೈಯಿಂದಲೇ ಹೊಸ ಊರನ್ನು ಕಟ್ಟಿದರು. ಮುಂದೆ ಅಧಿಕಾರಿಗಳ ಹಿಡಿತ ಹೆಚ್ಚಿ ಆ ಸಹಕಾರಿ ಪ್ರಯೋಗ ಸೊರಗಿತು. ಆದರೂ ನಿರಾಶ್ರಿತರು ತಾವೇ ಊರು ಕಟ್ಟಬಲ್ಲರು ಎಂಬುದು ರುಜುವಾತಾಗಿತ್ತು.

1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಸ್ಥಾಪನೆಯಾದಾಗ ಅದರ ಹೊಣೆ ಕಮಲಾದೇವಿಯವರ ಹೆಗಲಿಗೆ ಬಿತ್ತು. ಆಗ ಕಾರ್ಖಾನೆಯ ಸರಕು ಊರೂರಿಗೆ ನುಗ್ಗುತ್ತಿತ್ತು. ಕುಂಬಾರ, ನೇಕಾರ, ಕಂಚುಗಾರ, ಬುಟ್ಟಿ ಹೆಣೆಯುವವಳು ಎಲ್ಲರೂ ಕಸುಬು ಬಿಡುವ ಹಾದಿಯಲ್ಲಿದ್ದರು. ಅವರು ಹಳ್ಳಿ ಹಳ್ಳಿ ಸುತ್ತಿ ಕುಶಲಕರ್ಮಿಗಳನ್ನು ಕಂಡರು. ಕೌಶಲಕ್ಕೆ ಕೊರತೆಯಿಲ್ಲ, ಕೊರತೆ ಇರುವುದು ಕಚ್ಚಾ ಸಾಮಗ್ರಿಗೆ, ಸಾಲಕ್ಕೆ, ಪೇಟೆಗೆ ಎಂಬುದನ್ನು ಅರಿತರು. ಬೆಂಗಳೂರೂ ಸೇರಿದಂತೆ ದೇಶದ ಕೆಲವೆಡೆ ವಿನ್ಯಾಸ ಕೇಂದ್ರಗಳು ತೆರೆದವು. ದೆಹಲಿಯ ಗೃಹ ಕೈಗಾರಿಕೆಗಳ ಎಂಪೋರಿಯಂ ಅನ್ನು ನಡೆಸುವ ಕೆಲಸ ಅವರ ಸಹಕಾರ ಸಂಘಕ್ಕೆ ಬಂತು. 1965ರಿಂದ ನುರಿತ ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿ ದೊರೆಯತೊಡಗಿತು. ಹೆಸರಿಲ್ಲದೆ ದುಡಿದವರಿಗೆ ಹೆಸರು ಸಿಕ್ಕಿತು.

1966ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮೈಸೂರು ಸರ್ಕಾರ ಕೊಟ್ಟ ಜಮೀನಿನಲ್ಲಿ ಮುಂಡಗೋಡ ಟಿಬೆಟನ್ ಕಾಲೊನಿ ಆರಂಭವಾದದ್ದೂ ಅದೇ ವರ್ಷ. ಇದು ಕೇವಲ ಕಾಕತಾಳೀಯ. ಆದರೂ ಇಲ್ಲಿಗೆ ಬಂದವರು ಕಾಡು ಕಡಿದು ಗೋವಿನಜೋಳ ಬೆಳೆದು, ಸಹಕಾರ ಸಂಘ ಕಟ್ಟಿ, ಮಗ್ಗ ಹೂಡಿದ್ದನ್ನು ಕಂಡ ನಮಗೆ ಫರೀದಾಬಾದಿನ ಕಥೆ ದೂರದ್ದೆನಿಸುವುದಿಲ್ಲ.

ಪದ್ಮಭೂಷಣ, ಪದ್ಮವಿಭೂಷಣ ಪ್ರಶಸ್ತಿಗಳು ಅವರನ್ನು ಅರಸಿ ಬಂದವು. ಕರಕುಶಲ, ರಂಗಭೂಮಿ, ಮಹಿಳಾ ಚಳವಳಿಗಳ ಬಗ್ಗೆ ಹಲವು ಪುಸ್ತಕಗಳನ್ನು ಬರೆದರು. 1988ರ ಅಕ್ಟೋಬರ್ 29ರಂದು ಮುಂಬಯಿಯಲ್ಲಿ ನಿಧನರಾದರು.

ಕೈಕೆಲಸವೆಂದರೆ ಬಿಡುವಿನ ಹವ್ಯಾಸವೆಂದೋ ವಸ್ತುಪ್ರದರ್ಶನದ ಸರಕೆಂದೋ ನಾವು ತಿಳಿಯುತ್ತೇವೆ. ತಾಯಿಯ ಕಷ್ಟ ಕಂಡಿದ್ದ ಕಮಲಾದೇವಿಯವರಿಗೆ ಅದು ಹೆಣ್ಣಿನ ಸ್ವಂತ ಗಳಿಕೆಯ ದಾರಿ. ಒಬ್ಬೊಬ್ಬಳೇ ಹೊಲಿದರೆ ದಲ್ಲಾಳಿ ಹೇಳಿದ್ದೇ ಬೆಲೆ. ಹತ್ತು ಜನ ಸಂಘ ಕಟ್ಟಿದರೆ ಬೆಲೆ ಹೇಳುವವರು ಅವರೇ. ಸ್ವಸಹಾಯ ಸಂಘಗಳಲ್ಲಿರುವ ನಮ್ಮ ತಾಯಂದಿರಿಗೆ ಇದು ಹೊಸ ಪಾಠವಲ್ಲ.

ನಮ್ಮ ಶಾಲೆಯ ಹೆಣ್ಣುಮಕ್ಕಳಲ್ಲಿ ನನ್ನದೊಂದು ವಿನಂತಿ. ಇಂದು ಸಂಜೆ ಮನೆಗೆ ಹೋದಾಗ ಅಜ್ಜಿಯ ಪೆಟ್ಟಿಗೆ ತೆರೆಸಿ, ಅವರ ಹೊಲಿಗೆಗಳ ಹೆಸರು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಆಮೇಲೆ ಸೂಜಿ ಹಿಡಿದು ಒಂದನ್ನಾದರೂ ಕಲಿಯಿರಿ.