ಮಣ್ಣು ಕಲಿಸಿದ ಓಟ

ಮಗುವು ನಡೆಯಲು ಕಲಿತ ಕೆಲವೇ ತಿಂಗಳಲ್ಲಿ ಓಡಲು ತೊಡಗುತ್ತದೆ. ಯಾರೂ ಕಲಿಸದೆ ಬರುವ ವಿದ್ಯೆಯಾದುದರಿಂದ ಓಟದಲ್ಲಿ ಕಲಿಯಬೇಕಾದದ್ದೇನೂ ಇಲ್ಲವೆಂದು ಹಲವರು ಭಾವಿಸುತ್ತಾರೆ. ಆದರೆ ನೂರು ಮೀಟರಿನ ಓಟ ಬೇರೆ, ನಲವತ್ತೆರಡು ಕಿಲೋಮೀಟರಿನ ಓಟ ಬೇರೆ. ಮೊದಲನೆಯದರಲ್ಲಿ ಮೈಯ ಕಸುವನ್ನೆಲ್ಲ ಒಮ್ಮೆಗೇ ಸುರಿದುಬಿಡಬಹುದು. ಎರಡನೆಯದರಲ್ಲಿ ಜಾಣ ಗೃಹಿಣಿ ಬರಗಾಲದಲ್ಲಿ ಕಣಜದ ಕಾಳನ್ನು ಬಳಸುವಂತೆ ಶಕ್ತಿಯನ್ನು ಅಳೆದು ವೆಚ್ಚಮಾಡಬೇಕು. ಪಾದವು ನೆಲವನ್ನು ಹೇಗೆ ಮುಟ್ಟುತ್ತದೆ, ಮೈ ಹೇಗೆ ನಿಲ್ಲುತ್ತದೆ, ಕೈ ಹೇಗೆ ಆಡುತ್ತದೆ ಎಂಬ ಸಣ್ಣ ಸಂಗತಿಗಳೇ ಅಲ್ಲಿ ದೊಡ್ಡವಾಗುತ್ತವೆ. ದೂರದ ಓಟದ ಈ ವಿದ್ಯೆಯನ್ನು ರೂಢಿಸಿಕೊಂಡು ಜಗತ್ತಿನ ಕಣಕ್ಕೆ ಇಳಿದ ಕನ್ನಡ ನಾಡಿನ ಮೊದಲಿಗರಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಒಬ್ಬರು.

ಚೌಗುಲೆಯವರು ಹುಟ್ಟಿದ್ದು 1902ರಲ್ಲಿ. ಆಗ ಬೆಳಗಾವಿಯು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ದೇಶವು ಬ್ರಿಟಿಷರ ಆಳ್ವಿಕೆಯಲ್ಲಿತ್ತು. ಆ ಸೀಮೆಯ ಹಳ್ಳಿಗಳಲ್ಲಿ ಬದುಕೆಲ್ಲ ಕಾಲ್ನಡಿಗೆಯಲ್ಲೇ ಸಾಗುತ್ತಿತ್ತು. ಹೊಲಕ್ಕೆ ಹೋಗುವುದೂ ಸಂತೆಗೆ ಹೋಗುವುದೂ ಜಾತ್ರೆಗೆ ಹೋಗುವುದೂ ನಡೆದೇ. ಬಡವರ ಮಕ್ಕಳಿಗೆ ಪಾದರಕ್ಷೆ ಅಪರೂಪದ ವಸ್ತು. ಎರೆಮಣ್ಣಿನ ಬಿರುಕು, ಗರಸಿನ ಚೂಪು, ಮಳೆಗಾಲದ ಕೆಸರು ಇವೆಲ್ಲವುಗಳ ಪರಿಚಯ ಅಂಗಾಲಿಗೆ ನೇರವಾಗಿಯೇ ಆಗುತ್ತಿತ್ತು. ಓಟದ ಶಾಲೆಗಳಾಗಲಿ ತರಬೇತಿ ಕೊಡುವ ಗುರುಗಳಾಗಲಿ ಇಲ್ಲದ ಆ ಕಾಲದಲ್ಲಿ ನೆಲವೇ ಗುರುವಾಗಿತ್ತು.

ಆ ಗುರುವಿನ ಶಿಷ್ಯರು ಎಂತಹವರೆಂಬುದು ಹೊರಗಿನವರಿಗೆ ತಿಳಿದದ್ದು 1919ರಲ್ಲಿ. ಪುಣೆಯ ಡೆಕ್ಕನ್ ಜಿಮ್ಖಾನಾ ಸಂಸ್ಥೆಯು ಆ ವರ್ಷ ಕ್ರೀಡಾಕೂಟವೊಂದನ್ನು ನಡೆಸಿತು. ಅದರ ಅಧ್ಯಕ್ಷರಾಗಿದ್ದವರು ಹೆಸರಾಂತ ಉದ್ಯಮಿ ಸರ್ ದೊರಾಬ್ಜಿ ಟಾಟಾ. ಸ್ಪರ್ಧೆಗೆ ಬಂದ ಹುಡುಗರಲ್ಲಿ ಹೆಚ್ಚಿನವರು ಹೊಲಗದ್ದೆಗಳಲ್ಲಿ ದುಡಿಯುವ ಒಕ್ಕಲು ಮಕ್ಕಳು. ಬಡ ಊಟವನ್ನು ಉಂಡು ಬೆಳೆದವರು. ಯುರೋಪಿನ ಆಟದ ನಿಯಮಗಳಾಗಲಿ ಹೊಸ ಬಗೆಯ ತರಬೇತಿಯಾಗಲಿ ಅವರಿಗೆ ಗೊತ್ತಿರಲಿಲ್ಲ. ಹದಮಾಡದ ಒರಟು ನೆಲದ ಮೇಲೆ ಅವರು ಬರಿಗಾಲಿನಲ್ಲಿ ಓಡಿದರು. ಹಾಗಿದ್ದರೂ ದೂರದ ಓಟಗಳಲ್ಲಿ ಅವರು ತೆಗೆದುಕೊಂಡ ಕಾಲವು ಯುರೋಪಿನ ಓಟಗಾರರ ಕಾಲದೊಡನೆ ಹೋಲಿಸಬಹುದಾದಷ್ಟು ಚೆನ್ನಾಗಿತ್ತು. ಇದನ್ನು ಕಂಡು ಟಾಟಾ ಅವರು ಬೆರಗಾದರು. ಒಳ್ಳೆಯ ಊಟವನ್ನೂ ತಕ್ಕ ತರಬೇತಿಯನ್ನೂ ಒದಗಿಸಿದರೆ ಇವರು ಒಲಿಂಪಿಕ್ ಕ್ರೀಡೆಗಳಲ್ಲಿ ದೇಶಕ್ಕೆ ಕೀರ್ತಿ ತರಬಲ್ಲರೆಂಬ ನಂಬಿಕೆ ಅವರಲ್ಲಿ ಮೂಡಿತು.

ಬರಿಗಾಲಿನ ಹುಡುಗರು ಅಷ್ಟು ಚೆನ್ನಾಗಿ ಓಡಲು ಕಾರಣವಿದೆ. ದಪ್ಪ ಅಟ್ಟೆಯ ಬೂಟು ತೊಟ್ಟವನು ಕಾಲನ್ನು ಮುಂದಕ್ಕೆ ಚಾಚಿ ಹಿಮ್ಮಡಿಯನ್ನು ನೆಲಕ್ಕೆ ಬಡಿದರೂ ಅವನಿಗೆ ನೋವು ಗೊತ್ತಾಗುವುದಿಲ್ಲ. ಬರಿಗಾಲಿನವನು ಹಾಗೆ ಮಾಡಿದರೆ ಎರಡೇ ಹೆಜ್ಜೆಗೆ ನೆಲವು ಅವನನ್ನು ದಂಡಿಸುತ್ತದೆ. ಆದುದರಿಂದ ಅವನ ಪಾದವು ತಾನಾಗಿಯೇ ಮೆತ್ತಗೆ ಇಳಿಯಲು ಕಲಿಯುತ್ತದೆ. ಸಾಮಾನ್ಯವಾಗಿ ಪಾದದ ಮುಂಭಾಗವೋ ನಡುಭಾಗವೋ ಮೊದಲು ನೆಲವನ್ನು ಮುಟ್ಟುತ್ತದೆ. ಆಮೇಲೆ ಹಿಮ್ಮಡಿ ಹಗುರವಾಗಿ ತಗಲುತ್ತದೆ. ಅಂಗಾಲಿನ ಕಮಾನೂ ಮೀನಖಂಡವೂ ಸ್ಪ್ರಿಂಗಿನಂತೆ ಬಾಗಿ ಹೊಡೆತವನ್ನು ತಾಳಿಕೊಂಡು, ಅದೇ ಬಲವನ್ನು ಮುಂದಿನ ಹೆಜ್ಜೆಗೆ ಮರಳಿಸುತ್ತವೆ. ಹೆಜ್ಜೆ ಗಿಡ್ಡವಾಗುತ್ತದೆ, ಆದರೆ ಚುರುಕಾಗುತ್ತದೆ. ಪಾದವು ಮೈಗಿಂತ ಬಹಳ ಮುಂದೆ ಬೀಳದೆ, ಮೈಭಾರದ ಕೆಳಗೇ ಬೀಳುತ್ತದೆ.

ಇದರ ಬೆಲೆ ತಿಳಿಯಬೇಕಾದರೆ ಲೆಕ್ಕವನ್ನು ನೋಡಬೇಕು. ಮ್ಯಾರಥಾನ್ ಓಟದಲ್ಲಿ ಒಬ್ಬ ಓಟಗಾರನು ಸುಮಾರು ಮೂವತ್ತು ಸಾವಿರ ಹೆಜ್ಜೆ ಇಡುತ್ತಾನೆ. ಪ್ರತಿಯೊಂದು ಹೆಜ್ಜೆಯಲ್ಲಿಯೂ ಅವನ ಮೈತೂಕದ ಎರಡು ಮೂರು ಪಾಲಿನಷ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ಕಾಲನ್ನು ಬಹಳ ಮುಂದಕ್ಕೆ ಚಾಚಿದರೆ ಪ್ರತಿ ಹೆಜ್ಜೆಯೂ ಓಡುವ ಗಾಡಿಗೆ ಅಡ್ಡ ಕೊಟ್ಟಂತೆ ವೇಗವನ್ನು ತಡೆಯುತ್ತದೆ. ಒಂದು ಹೆಜ್ಜೆಯಲ್ಲಿ ಕಾಣದ ಆ ನಷ್ಟ ಮೂವತ್ತು ಸಾವಿರ ಹೆಜ್ಜೆಗಳಲ್ಲಿ ಮೊಣಕಾಲನ್ನೂ ಉಸಿರನ್ನೂ ಸೋಲಿಸುತ್ತದೆ. ಪಾದ ಮಾತ್ರವೇ ಅಲ್ಲ, ಇಡೀ ಮೈಯೂ ಈ ಕೆಲಸದಲ್ಲಿ ಪಾಲುಗೊಳ್ಳುತ್ತದೆ. ತಲೆ ನೆಟ್ಟಗಿದ್ದು ನೋಟ ಮುಂದಿರಬೇಕು, ಹೆಗಲು ಸಡಿಲವಾಗಿರಬೇಕು, ಮೊಣಕೈ ಮಡಿಸಿ, ತೋಳುಗಳು ಎದೆಗೆ ಅಡ್ಡಹಾಯದೆ ಹಿಂದೆ ಮುಂದೆ ಆಡಬೇಕು, ಮೈ ಸೊಂಟದಲ್ಲಿ ಬಗ್ಗದೆ ತುಸುವೇ ಮುಂದಕ್ಕೆ ವಾಲಿರಬೇಕು.

ಇಂತಹ ಓಟಗಾರರನ್ನು ಹೊರದೇಶಕ್ಕೆ ಕಳುಹಿಸುವ ಕೆಲಸ ಸುಲಭವಾಗಿರಲಿಲ್ಲ. ಒಲಿಂಪಿಕ್ ಕ್ರೀಡೆಗಳ ಮಟ್ಟವನ್ನು ಬಲ್ಲವರು ದೇಶದಲ್ಲಿ ವಿರಳವಾಗಿದ್ದರು. ಓಟಗಳಲ್ಲಿ ಅರ್ಹತೆ ಪಡೆಯಲು ಎಷ್ಟು ಕಾಲ ಬೇಕೆಂಬ ಮಾತು ಬಂದಾಗ, ಎರಡು ಮೂರು ನಿಮಿಷಗಳ ಅಂತರ ದೊಡ್ಡದೇನಲ್ಲವೆಂದು ಸಂಘಟಕರಲ್ಲೊಬ್ಬರು ತಿಳಿದಿದ್ದರಂತೆ. ಅಲ್ಲಿ ಎಣಿಕೆ ನಿಮಿಷಗಳದ್ದಲ್ಲ, ಸೆಕೆಂಡಿನ ಭಾಗಗಳದ್ದು ಎಂದು ಟಾಟಾ ಅವರು ವಿವರಿಸಿದಾಗ ಅವರು ಬೆಚ್ಚಿಬಿದ್ದರು. ಮುಂಬಯಿಯ ಗವರ್ನರ್ ಜಾರ್ಜ್ ಲಾಯ್ಡ್ ಅವರ ನೆರವಿನಿಂದ ಭಾರತವು ಪ್ರತ್ಯೇಕ ತಂಡವನ್ನು ಕಳುಹಿಸಲು ಒಪ್ಪಿಗೆ ದೊರೆಯಿತು. ಪುಣೆಯಲ್ಲಿ ಆಯ್ಕೆ ನಡೆದು ಆರು ಮಂದಿಯ ತಂಡ ಸಿದ್ಧವಾಯಿತು. ಬಂಗಾಳದ ಪೂರ್ಮಾ ಬ್ಯಾನರ್ಜಿ, ಸಾತಾರೆಯ ಸದಾಶಿವ ದಾತಾರ್, ಹುಬ್ಬಳ್ಳಿಯ ಕೈಕಾಡಿ, ಬೆಳಗಾವಿಯ ಚೌಗುಲೆ ಈ ನಾಲ್ವರು ಓಟಗಾರರು; ಕುಮಾರ್ ನವಲೆ, ರಣಧೀರ್ ಶಿಂಧೆ ಇಬ್ಬರು ಕುಸ್ತಿಪಟುಗಳು. ನಾಲ್ವರು ಓಟಗಾರರಲ್ಲಿ ಇಬ್ಬರು ಇಂದಿನ ಕರ್ನಾಟಕದವರೆಂಬುದು ಗಮನಿಸತಕ್ಕ ಸಂಗತಿ.

1920ರಲ್ಲಿ ತಂಡವು ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗಿ, ಅಲ್ಲಿ ಕೆಲವು ವಾರಗಳ ತರಬೇತಿ ಪಡೆದು ಬೆಲ್ಜಿಯಮ್ ದೇಶದ ಆಂಟ್‌ವರ್ಪ್ ನಗರವನ್ನು ಸೇರಿತು. ಮೊದಲ ಮಹಾಯುದ್ಧದಲ್ಲಿ ನಲುಗಿದ್ದ ಆ ದೇಶ ಆಗಷ್ಟೇ ಚೇತರಿಸಿಕೊಳ್ಳುತ್ತಿತ್ತು. ಐದು ಉಂಗುರಗಳ ಒಲಿಂಪಿಕ್ ಧ್ವಜವು ಕ್ರೀಡಾಕೂಟದಲ್ಲಿ ಮೊದಲ ಬಾರಿಗೆ ಹಾರಿದ್ದು ಅಲ್ಲಿಯೇ. ಹದಿನೆಂಟರ ಹರೆಯದ ಚೌಗುಲೆಯವರಿಗೆ ನೆಲ, ಹವೆ, ಊಟ, ಮಾತು ಎಲ್ಲವೂ ಹೊಸತು.

ಆಗಸ್ಟ್ 22ರಂದು ಮ್ಯಾರಥಾನ್ ಓಟ ನಡೆಯಿತು. ಅಂದಿನ ದಾರಿಯ ಉದ್ದ 42.75 ಕಿಲೋಮೀಟರು. ಈಗ ರೂಢಿಯಲ್ಲಿರುವ 42.195 ಕಿಲೋಮೀಟರಿಗಿಂತ ಅದು ಅರ್ಧ ಕಿಲೋಮೀಟರಿಗೂ ಹೆಚ್ಚು. ಒಲಿಂಪಿಕ್ ಚರಿತ್ರೆಯಲ್ಲಿಯೇ ಅತಿ ಉದ್ದದ ಮ್ಯಾರಥಾನ್. ದಿನವು ಚಳಿಯಿಂದಲೂ ಮಳೆಯಿಂದಲೂ ಕೂಡಿತ್ತು. ಕಣದಲ್ಲಿ ಫಿನ್ಲೆಂಡಿನ ಹಾನೆಸ್ ಕೋಲೆಮೈನೆನ್ ಅವರಂತಹ ಅತಿರಥರಿದ್ದರು. ಅವರು 1912ರ ಒಲಿಂಪಿಕ್ಕಿನಲ್ಲಿಯೇ ಮೂರು ಚಿನ್ನದ ಪದಕಗಳನ್ನು ಗೆದ್ದವರು. ಓಟ ಮುಂದುವರಿದಂತೆ ಹಲವರು ಬಳಲಿ ನಡುದಾರಿಯಲ್ಲೇ ನಿಂತರು. ಚೌಗುಲೆಯವರು ನಿಲ್ಲಲಿಲ್ಲ. 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಗುರಿಯನ್ನು ಮುಟ್ಟಿ ಹತ್ತೊಂಬತ್ತನೆಯವರಾದರು. ಗೆದ್ದ ಕೋಲೆಮೈನೆನ್ ಅವರಿಗೂ ಅವರಿಗೂ ಇದ್ದ ಅಂತರ ಸುಮಾರು ಹದಿನೆಂಟು ನಿಮಿಷ.

ಹತ್ತೊಂಬತ್ತನೆಯ ಸ್ಥಾನಕ್ಕೆ ಪದಕವಿಲ್ಲ. ಆದರೆ ಪದಕದ ಪಟ್ಟಿಯೊಂದರಿಂದಲೇ ಈ ಓಟವನ್ನು ಅಳೆಯುವುದು ಸರಿಯಲ್ಲ. ಚೌಗುಲೆಯವರು ಒಂದೊಂದು ಕಿಲೋಮೀಟರನ್ನೂ ನಾಲ್ಕು ನಿಮಿಷಕ್ಕಿಂತ ತುಸು ಕಡಿಮೆ ಕಾಲದಲ್ಲಿ ಕ್ರಮಿಸಿದ್ದರು. ಅದನ್ನು ಒಂದು ಬಾರಿ ಓಡಿ ನೋಡಿದವರಿಗೆ ಅದರ ಕಷ್ಟ ತಿಳಿಯುತ್ತದೆ. ಅವರಾದರೋ ಅದನ್ನು ನಲವತ್ತೆರಡಕ್ಕೂ ಹೆಚ್ಚು ಬಾರಿ, ಎಡೆಬಿಡದೆ, ಅಪರಿಚಿತ ದೇಶದ ಮಳೆಯಲ್ಲಿ ಮಾಡಿದರು. ಯುರೋಪಿನ ಸ್ಪರ್ಧಿಗಳಿಗೆ ವರ್ಷಗಳ ತರಬೇತಿ ದೊರೆತಿತ್ತು. ಅವರಿಗೆ ದೊರೆತದ್ದು ಕೆಲವೇ ವಾರಗಳದ್ದು. ಒಲಿಂಪಿಕ್ ಮ್ಯಾರಥಾನ್ ಓಟವನ್ನು ಪೂರ್ಣಗೊಳಿಸಿದ ಮೊದಲ ಭಾರತೀಯರೆಂಬ ಗೌರವ ಅವರದಾಯಿತು.

ಆ ಆರು ಮಂದಿ ತೆರೆದ ಬಾಗಿಲು ಮತ್ತೆ ಮುಚ್ಚಲಿಲ್ಲ. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಘವು ಸ್ಥಾಪನೆಗೊಂಡು ದೊರಾಬ್ಜಿ ಟಾಟಾ ಅವರು ಅದರ ಮೊದಲ ಅಧ್ಯಕ್ಷರಾದರು. ಮರುವರ್ಷ ಆಮ್ಸ್ಟರ್ಡಾಮಿನಲ್ಲಿ ಭಾರತದ ಹಾಕಿ ತಂಡ ಚಿನ್ನವನ್ನು ಗೆದ್ದಿತು. ಬರಿಗಾಲಿನ ಓಟದ ಹಿರಿಮೆಯನ್ನು ಇಡೀ ಜಗತ್ತು ಕಂಡದ್ದು 1960ರಲ್ಲಿ. ಇಥಿಯೋಪಿಯದ ಅಬೆಬೆ ಬಿಕಿಲಾ ಅವರು ರೋಮ್ ನಗರದ ಕಲ್ಲುಹಾಸಿನ ಬೀದಿಗಳಲ್ಲಿ ಬರಿಗಾಲಿನಲ್ಲಿ ಓಡಿ ಮ್ಯಾರಥಾನ್ ಗೆದ್ದರು. ನಾಲ್ಕು ವರ್ಷಗಳ ಅನಂತರ ಟೋಕಿಯೋದಲ್ಲಿ ಬೂಟು ತೊಟ್ಟು ಓಡಿದಾಗಲೂ ಗೆಲುವು ಅವರದೇ. ಗುಣವು ಬೂಟಿನಲ್ಲೂ ಇಲ್ಲ, ಬರಿಗಾಲಿನಲ್ಲೂ ಇಲ್ಲ, ಓಡುವವನ ಹದವಾದ ಹೆಜ್ಜೆಯಲ್ಲಿದೆ ಎಂಬುದು ಇದರಿಂದ ತಿಳಿಯಿತು. ಭಾರತದಲ್ಲಿಯೂ ಬರಿಗಾಲಿನ ಓಟಕ್ಕೆ ಹೆಸರಾದ ಶಿವನಾಥ ಸಿಂಗ್ ಅವರು 1976ರ ಮಾಂಟ್ರಿಯಲ್ ಒಲಿಂಪಿಕ್ ಮ್ಯಾರಥಾನಿನಲ್ಲಿ ಹನ್ನೊಂದನೆಯವರಾದರು.

ವಿಜ್ಞಾನಿಗಳು ಈ ವಿಷಯವನ್ನು ಬಹಳ ತಡವಾಗಿ ಪರೀಕ್ಷಿಸಿದರು. ಬರಿಗಾಲಿನಲ್ಲಿ ಓಡಿ ರೂಢಿಯಾದವರು ಹೆಚ್ಚಾಗಿ ಮುಂಗಾಲಿನ ಮೇಲೆ ಇಳಿಯುತ್ತಾರೆ, ಆಗ ನೆಲದ ಹಠಾತ್ ಹೊಡೆತ ಕಡಿಮೆಯಾಗುತ್ತದೆ ಎಂದು 2010ರಲ್ಲಿ ಡೇನಿಯಲ್ ಲೀಬರ್ಮನ್ ಮತ್ತು ಅವರ ಸಂಗಡಿಗರು ಪ್ರಕಟಿಸಿದರು. ಹಾಗೆಂದು ಎಲ್ಲರಿಗೂ ಒಂದೇ ಕಟ್ಟಳೆ ಸಲ್ಲದು. ಹಿಮ್ಮಡಿಯ ಮೇಲೆ ಇಳಿದು ದೂರ ಓಡುವ ಸಮರ್ಥರೂ ಇದ್ದಾರೆ. ಬೂಟಿಗೆ ಒಗ್ಗಿದವನು ಒಂದೇ ದಿನದಲ್ಲಿ ಅದನ್ನು ಬಿಸುಟು ಓಡಿದರೆ ಪಾದಕ್ಕೂ ಮೀನಖಂಡಕ್ಕೂ ಪೆಟ್ಟಾಗುವುದುಂಟು. ಹೆಜ್ಜೆಯನ್ನು ಅತಿಯಾಗಿ ಚಾಚದಿರುವುದು, ಮೆತ್ತಗೆ ಇಳಿಯುವುದು, ಅಭ್ಯಾಸವನ್ನು ಸ್ವಲ್ಪ ಸ್ವಲ್ಪವಾಗಿ ಬೆಳೆಸುವುದು ಇವು ಮಾತ್ರ ಎಲ್ಲರಿಗೂ ಸಲ್ಲುವ ಮಾತುಗಳು.

ಚೌಗುಲೆಯವರು ಕಾಲವಾಗಿ ದಶಕಗಳೇ ಸಂದಿವೆ. ಅವರ ಕಾಲದಲ್ಲಿ ಇಲ್ಲದಿದ್ದ ಓಟದ ಅಂಕಣಗಳೂ ತರಬೇತುದಾರರೂ ಬಗೆಬಗೆಯ ಬೂಟುಗಳೂ ಇಂದು ಇವೆ. ಆದರೂ ಮೂವತ್ತು ಸಾವಿರ ಹೆಜ್ಜೆಗಳನ್ನು ಓಟಗಾರನ ಪರವಾಗಿ ಬೇರೆ ಯಾರೂ ಇಡಲಾರರು. ಸಾಧನಗಳಿಲ್ಲವೆಂದು ಕೈಕಟ್ಟಿ ಕೂರದೆ, ಇದ್ದ ನೆಲದಿಂದಲೇ ಕಲಿತು, ತೊಡಗಿದ ಓಟವನ್ನು ಕೊನೆಯವರೆಗೂ ಓಡಿದ ಆ ತರುಣನ ಹೆಸರು ಕನ್ನಡ ನಾಡಿನ ಮಕ್ಕಳ ನೆನಪಿನಲ್ಲಿ ಉಳಿಯತಕ್ಕದ್ದು.