ಬಿಡುಗಡೆಯ ಅರ್ಥ ಅರಸಿದ ಶಾಂತಿನಾಥ ದೇಸಾಯಿ

ಹೊಸಪೇಟೆ: ಕಮಲಾಪುರದಿಂದ ಕಂಪ್ಲಿಯತ್ತ ಸಾಗುವ ರಸ್ತೆಯ ಬದಿಯಲ್ಲಿ ಗಾಣಗಿತ್ತಿ ಜಿನಾಲಯವಿದೆ. ವಿಜಯನಗರದ ಎರಡನೆಯ ಹರಿಹರನ ದಂಡನಾಯಕ ಇರುಗಪ್ಪ 1385ರಲ್ಲಿ ಇದನ್ನು ಕಟ್ಟಿಸಿದನೆಂದು ಎದುರಿನ ಸ್ತಂಭದ ಶಾಸನ ತಿಳಿಸುತ್ತದೆ. ಹಂಪಿ ನೋಡಲು ಬಂದವರ ಪಾಲಿಗೆ ಜೈನ ಧರ್ಮವೆಂದರೆ ಬಹುಮಟ್ಟಿಗೆ ಈ ಕಲ್ಲುಗಳೇ. ಆ ಧರ್ಮವನ್ನು ಇಪ್ಪತ್ತನೆಯ ಶತಮಾನದ ಓದುಬರಹ ಬಲ್ಲ ಮನೆಯೊಳಗೆ ತಂದು, ಯುರೋಪಿನ ಅಸ್ತಿತ್ವವಾದಕ್ಕೆ ಮುಖಾಮುಖಿಯಾಗಿಸಿದ ಕನ್ನಡ ಕಾದಂಬರಿಕಾರ ಶಾಂತಿನಾಥ ದೇಸಾಯಿ.

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳದ ಜೈನ ಕುಟುಂಬದಲ್ಲಿ 1929ರ ಜುಲೈ 22ರಂದು ಅವರು ಜನಿಸಿದರು. ಧಾರವಾಡ, ಮುಂಬಯಿಗಳಲ್ಲಿ ಓದಿ, ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿಯೂ ವ್ಯಾಸಂಗ ಮಾಡಿದರು. ಜೀವನೋಪಾಯಕ್ಕೆ ಇಂಗ್ಲಿಷ್ ಅಧ್ಯಾಪನ, ಅಂತರಂಗಕ್ಕೆ ಕನ್ನಡ ಎಂಬುದು ಆ ಕಾಲದ ಅನೇಕ ನವ್ಯ ಲೇಖಕರ ಬದುಕಿನ ಕ್ರಮವಾಗಿತ್ತು. ದೇಸಾಯಿಯವರದೂ ಅದೇ.

ಮೊದಲ ಕಥಾಸಂಕಲನ ‘ಮಂಜುಗಡ್ಡೆ’ 1959ರಲ್ಲಿ ಬಂದಿತು. 1961ರ ‘ಮುಕ್ತಿ’ಯನ್ನು ಕನ್ನಡದ ಮೊದಲ ನವ್ಯ ಕಾದಂಬರಿಯೆಂದು ಅನೇಕ ವಿಮರ್ಶಕರು ಗುರುತಿಸಿದ್ದಾರೆ. ‘ಸಂಸ್ಕಾರ’ ಪ್ರಕಟವಾಗಿ ಚರ್ಚೆಗಳೆದ್ದದ್ದು ನಾಲ್ಕು ವರ್ಷಗಳ ನಂತರ. ‘ಮುಕ್ತಿ’ಯ ನಾಯಕ ಗೌರೀಶ ಪ್ರೇಮ, ಸ್ನೇಹ, ಕಾಮಗಳ ಬಂಧನಗಳಿಂದ ಬಿಡಿಸಿಕೊಂಡು ತಾನು ಯಾರೆಂದು ತಿಳಿಯಲು ಹೆಣಗುವ ತರುಣ. ಅವನ ಸಂಕಟವನ್ನು ಹಿರಿಯರೂ ಶಾಸ್ತ್ರಗಳೂ ಪರಿಹರಿಸಲಾರರು. ‘ಕ್ಷಿತಿಜ’ ಕಥೆಯಲ್ಲಿ ಇಂಗ್ಲೆಂಡಿಗೆ ಹಡಗಿನಲ್ಲಿ ಹೊರಟ ಮಂದಾಕಿನಿಯ ತಳಮಳವೂ ಇದೇ ಜಾತಿಯದು: ಊರು ಹಿಂದುಳಿದರೂ ಊರಿನ ಕಟ್ಟುಪಾಡು ಅವಳ ಜೊತೆಯಲ್ಲಿಯೇ ಪ್ರಯಾಣ ಮಾಡುತ್ತದೆ.

ಮಾನವನಿಗೆ ಪೂರ್ವನಿಶ್ಚಿತ ಸ್ವರೂಪವಿಲ್ಲ, ತನ್ನ ಆಯ್ಕೆಗಳಿಂದಲೇ ಅವನು ತನ್ನನ್ನು ರೂಪಿಸಿಕೊಳ್ಳುತ್ತಾನೆ ಎಂಬ ಸಾರ್ತ್ರನ ವಿಚಾರ ಎರಡನೆಯ ಮಹಾಯುದ್ಧದ ನಂತರ ಎಲ್ಲೆಡೆ ಹಬ್ಬಿತ್ತು. ಅಮೆರಿಕದಲ್ಲಿ ಅದನ್ನು ಎದುರಿಸಿದವರಲ್ಲಿ ಯಹೂದಿ ವಲಸಿಗರ ಮಕ್ಕಳು ಪ್ರಮುಖರು. ಬರ್ನಾರ್ಡ್ ಮಲಾಮಡ್ 1957ರಲ್ಲಿ ಪ್ರಕಟಿಸಿದ ‘ದಿ ಅಸಿಸ್ಟೆಂಟ್’ ಕಾದಂಬರಿಯಲ್ಲಿ ಬಡ ಕಿರಾಣಿ ವ್ಯಾಪಾರಿ ಮಾರಿಸ್ ಬೋಬರ್ ಆಚಾರವಂತನೇನಲ್ಲ. ಆದರೆ ಗಿರಾಕಿಗೆ ಮೋಸ ಮಾಡಲಾರ. ಅವನ ಅಂಗಡಿಯ ದರೋಡೆಯಲ್ಲಿ ಪಾಲ್ಗೊಂಡ ಫ್ರಾಂಕ್ ಆಲ್ಪೈನ್ ಪಶ್ಚಾತ್ತಾಪದಿಂದ ಅಲ್ಲಿಯೇ ಆಳಾಗಿ ದುಡಿದು, ಕೊನೆಗೆ ಆ ಮುದುಕನ ಧರ್ಮವನ್ನೇ ಸ್ವೀಕರಿಸುತ್ತಾನೆ. ದೇವರೊಡನೆ ಮಾತುಕತೆ ನಿಂತುಹೋದ ಮೇಲೆ ಹಿರಿಯರ ನೀತಿ ಏನಾಗಿ ಉಳಿಯುತ್ತದೆ? ಆ ಬರಹಗಾರರನ್ನು ಕಾಡಿದ ಪ್ರಶ್ನೆಯಿದು.

ದೇಸಾಯಿಯವರ ತೊಡಕು ಇನ್ನೂ ಸೂಕ್ಷ್ಮವಾದುದು. ಯಹೂದಿ ನೀತಿಗೆ ದೇವರೊಡನೆ ಮಾಡಿಕೊಂಡ ಒಡಂಬಡಿಕೆಯೇ ತಳಹದಿ. ಜೈನ ದರ್ಶನದಲ್ಲಾದರೋ ಸೃಷ್ಟಿಕರ್ತನೇ ಇಲ್ಲ. ಪ್ರತಿಯೊಂದು ಜೀವವೂ ತನ್ನ ಕರ್ಮಕ್ಕೆ ತಾನೇ ಹೊಣೆ. ತೀರ್ಥಂಕರರು ದಾರಿ ತೋರಬಲ್ಲರೇ ಹೊರತು ಕೈಹಿಡಿದು ದಾಟಿಸಲಾರರು. ಇಷ್ಟರಮಟ್ಟಿಗೆ ಜೈನನೂ ಅಸ್ತಿತ್ವವಾದಿಯೂ ಸಮಾನ ಏಕಾಕಿಗಳು. ಆದರೆ ಗೌರೀಶನಂಥವರು ಬಯಕೆಯ ಬೆನ್ನುಹತ್ತಿ ಸ್ವಾತಂತ್ರ್ಯ ಕಾಣಬಯಸಿದರೆ, ಜಿನಮಾರ್ಗ ಬಯಕೆಯನ್ನೇ ಬಂಧನವೆನ್ನುತ್ತದೆ. ತಮ್ಮ ಮೊದಲ ಕಾದಂಬರಿಗೆ ದೇಸಾಯಿಯವರು ಆಯ್ದ ಹೆಸರು ಮೋಕ್ಷವನ್ನೂ ಸೂಚಿಸುವ ಪದ ಎಂಬುದು ಗಮನಾರ್ಹ. ಅದರ ಆಳಕ್ಕಿಳಿಯಲು ಅವರಿಗೆ ಇಡೀ ಜೀವಮಾನವೇ ಬೇಕಾಯಿತು.

ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಅವರು ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು. ‘ವಿಕ್ಷೇಪ’ (1971), ‘ಸೃಷ್ಟಿ’ (1979), ‘ಬೀಜ’ ಕಾದಂಬರಿಗಳು ಬಂದವು. ಶಿವಮೊಗ್ಗದ ಕುವೆಂಪು ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾಗಿಯೂ ಸೇವೆ ಸಲ್ಲಿಸಿದರು. ಆಡಳಿತದ ಹೊಣೆ ಇಳಿದ ಮೇಲೆ ಅವರ ಮನಸ್ಸು ತೊಡಗಿದ್ದು ‘ಓಂ ಣಮೋ’ ಕೃತಿಯಲ್ಲಿ.

ಜೈನ ಸಮಾಜದ ಅಧ್ಯಯನಕ್ಕೆಂದು ಭಾರತಕ್ಕೆ ಬರುವ ಆಡಂ ಮತ್ತು ಆ್ಯನ್ ಎಂಬ ಇಬ್ಬರು ಯುವ ವಿದೇಶಿ ಸಂಶೋಧಕರು ಈ ಕಾದಂಬರಿಯ ಕೇಂದ್ರದಲ್ಲಿದ್ದಾರೆ. ಹಿಂದೆ ದೇಸಾಯಿಯವರ ಮಂದಾಕಿನಿ ಪಶ್ಚಿಮಕ್ಕೆ ಹೊರಟಿದ್ದಳು. ಈಗ ಪಶ್ಚಿಮದವರೇ ಇಲ್ಲಿಗೆ ಬಂದು ಜೈನ ಮನೆತನದ ಒಳಹೊರಗನ್ನು ಪರೀಕ್ಷಿಸುತ್ತಾರೆ. ಅಹಿಂಸೆ, ಅಪರಿಗ್ರಹಗಳು ಉಪದೇಶದಲ್ಲಿ ಒಂದು ಬಗೆ, ಆಸ್ತಿ, ಮದುವೆ, ವ್ಯವಹಾರಗಳ ನಡುವೆ ಮತ್ತೊಂದು ಬಗೆ. ಈ ಅಂತರವನ್ನು ಲೇಖಕರು ಮುಚ್ಚಿಡುವುದಿಲ್ಲ, ಹಾಗೆಂದು ಗೇಲಿಯನ್ನೂ ಮಾಡುವುದಿಲ್ಲ. ಅಲ್ಲಲ್ಲಿ ಚರ್ಚೆ ಕಥೆಯನ್ನು ಮೀರಿ ಬೆಳೆಯುತ್ತದೆಂಬುದು ನಿಜ. ಅಧ್ಯಾಪಕ ದೇಸಾಯಿ ಕಾದಂಬರಿಕಾರ ದೇಸಾಯಿಯನ್ನು ಪಕ್ಕಕ್ಕೆ ಸರಿಸುವ ಘಳಿಗೆಗಳವು. ಶೀರ್ಷಿಕೆಯ ಆಯ್ಕೆ ಮಾತ್ರ ಅರ್ಥಪೂರ್ಣ. ಣಮೋಕಾರ ಮಂತ್ರ ಯಾವ ವ್ಯಕ್ತಿಯ ಹೆಸರನ್ನೂ ಹೇಳದೆ ಅರಿಹಂತರಿಂದ ಸಾಧುಗಳವರೆಗಿನ ಐದು ಪದವಿಗಳಿಗೆ ನಮಿಸುತ್ತದೆ. ನಾನು ಯಾರು ಎಂಬ ಗೌರೀಶನ ಪ್ರಶ್ನೆಯಿಂದ ಹೊರಟ ಬರಹಗಾರ ವ್ಯಕ್ತಿನಾಮವಿಲ್ಲದ ನಮಸ್ಕಾರದ ಬಳಿಗೆ ಬಂದಿದ್ದರು.

1998ರ ಮಾರ್ಚ್ 26ರಂದು ದೇಸಾಯಿಯವರು ನಿಧನರಾದರು. ‘ಓಂ ಣಮೋ’ ಅಚ್ಚಾದದ್ದು ಮರುವರ್ಷ. 2000ದಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಮರಣೋತ್ತರವಾಗಿ ಸಂದಿತು.