ಏಣಗಿಯ ಬಾಳಪ್ಪನವರು

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ನಾಡಿನ ಹಿರಿಯರೊಬ್ಬರ ಕುರಿತು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನಾನು ಬಹಳ ಹುಡುಕಲಿಲ್ಲ. ಸವದತ್ತಿ ತಾಲ್ಲೂಕಿನ ಏಣಗಿಯ ಬಾಳಪ್ಪನವರಂಥವರು ನಮ್ಮ ಮಗ್ಗುಲಲ್ಲೇ ಆಗಿಹೋಗಿರುವಾಗ ದೂರ ಹೋಗುವುದೇಕೆ? ಈಗಿನ ಮಕ್ಕಳಿಗೆ ಅವರ ಹೆಸರು ಗೊತ್ತು, ಕೆಲಸ ಗೊತ್ತಿಲ್ಲ. ತಪ್ಪು ಅವರದಲ್ಲ, ಕಂಪನಿ ನಾಟಕ ನೋಡಿದ ಮಕ್ಕಳೇ ಈಗ ಅಪರೂಪ.

ಬಾಳಪ್ಪನವರು ಹುಟ್ಟಿದ್ದು 1914ರಲ್ಲಿ. ಆಗ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ರಾಮದುರ್ಗ ಬೇರೆಯೇ ಸಂಸ್ಥಾನ. ಪಟ್ಟಣಗಳಲ್ಲಿ ಮರಾಠಿ ಸಂಗೀತ ನಾಟಕಗಳಿಗೆ ದೊಡ್ಡ ಹೆಸರು. ಹಳ್ಳಿಗಳಲ್ಲಿ ಬಯಲಾಟ, ಸಣ್ಣಾಟ, ಶ್ರೀಕೃಷ್ಣ ಪಾರಿಜಾತ. ಬೈಲಹೊಂಗಲ ಸೀಮೆಯ ಸಂಗ್ಯಾ-ಬಾಳ್ಯಾನ ಕಥೆಯನ್ನು ಬೆಳತನಕ ಕೂತು ನೋಡುವ ಜನ ನಮ್ಮವರು. ಸುಗ್ಗಿ ಮುಗಿದ ಮೇಲೆ ಊರೂರಲ್ಲಿ ಹಲಗೆ ಹಾಕಿ ಆಟ ಕಟ್ಟುವ ಈ ನೆಲದಿಂದಲೇ ಅವರು ಮೇಲೆ ಬಂದರು. ಅವರಿಗಿದ್ದ ಮೊದಲ ಬಂಡವಾಳವೆಂದರೆ ಕೊರಳು.

ಕಂಪನಿ ಸೇರಿದ ಹುಡುಗರಿಗೆ ಆಗ ಸಿಗುತ್ತಿದ್ದುದು ಹೆಣ್ಣು ಪಾರ್ಟು. ಹೆಣ್ಣುಮಕ್ಕಳು ರಂಗದ ಮೇಲೆ ಬರುವುದು ಕಡಿಮೆಯಿದ್ದ ಕಾಲವದು. ಬಾಳಪ್ಪನವರೂ ಸೀರೆ ಉಟ್ಟು, ಕುಂಕುಮ ಇಟ್ಟು ಸ್ತ್ರೀ ಪಾತ್ರ ಮಾಡಿದರು. ಇದನ್ನು ನಗೆಯ ಮಾತಾಗಿ ಹೇಳುವವರನ್ನು ನಾನು ಕಂಡಿದ್ದೇನೆ. ಆದರೆ ಕಷ್ಟ ನೋಡಿ: ಧ್ವನಿವರ್ಧಕವಿಲ್ಲ, ಗ್ಯಾಸ್‌ಬತ್ತಿಯ ಬೆಳಕು, ಎದುರಿಗೆ ಸಾವಿರ ಜನ. ಪೇಟಿ ಮಾಸ್ತರರು ಹಿಡಿದ ಶ್ರುತಿಗೆ ಹಾಡಬೇಕು, ಕಡೆಯ ಸಾಲಿನವನಿಗೂ ಮಾತು ಮುಟ್ಟಬೇಕು, ಹೆಣ್ಣಿನ ನಡೆ ಎಲ್ಲಿಯೂ ಜಾರಬಾರದು. ಜನ ಮೆಚ್ಚಿ ಮತ್ತೊಮ್ಮೆ ಎಂದರೆ ಅದೇ ಹಾಡನ್ನು ಮತ್ತೆ ಹಾಡಬೇಕು.

ಚಿಕ್ಕೋಡಿ ಶಿವಲಿಂಗಸ್ವಾಮಿಗಳ ಕಂಪನಿಯಲ್ಲಿ ಪಳಗಿದ ಅವರು ಮುಂದೆ ಕಟ್ಟಿದ್ದು ಬೆಳಗಾವಿಯ ಕಲಾವೈಭವ ನಾಟ್ಯ ಸಂಘವನ್ನು. ನಟನಾಗಿದ್ದವರು ಮಾಲೀಕರಾದರು. ಕಂಪನಿಯ ಮಾಲೀಕನೆಂದರೆ ಸುಖದ ಹುದ್ದೆಯಲ್ಲ. ತಗಡಿನ ಥೇಟರು, ಪರದೆ, ಪೆಟ್ಟಿಗೆಗಳನ್ನು ಊರಿಂದ ಊರಿಗೆ ಸಾಗಿಸಬೇಕು. ನಟರು, ಪೇಟಿ-ತಬಲಾದವರು, ಅಡುಗೆಯವರು ಎಲ್ಲರ ಊಟ, ಪಗಾರ ನೋಡಬೇಕು. ಮಳೆ ಹಿಡಿದರೆ ಗಲ್ಲಾ ಖಾಲಿ, ಒಲೆ ಮಾತ್ರ ದಿನಾಲೂ ಉರಿಯಬೇಕು.

ಅವರ ದೊಡ್ಡ ಹೆಸರು ಜಗಜ್ಯೋತಿ ಬಸವೇಶ್ವರ ನಾಟಕದ್ದು. ಬಸವಣ್ಣನಾಗಿ ಅವರು ರಂಗಕ್ಕೆ ಬಂದರೆ ಜನ ಕೂತಲ್ಲಿಯೇ ಕೈಮುಗಿಯುತ್ತಿದ್ದರೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಓದು ಬರಹ ಬಾರದ ಎಷ್ಟೋ ಜನರಿಗೆ ಕಲ್ಯಾಣದ ಕಥೆ ತಲುಪಿದ್ದು ಪುಸ್ತಕದಿಂದಲ್ಲ, ಇಂಥ ನಾಟಕಗಳಿಂದ. ಇನ್ನೊಂದು ಮಾತನ್ನು ಹೇಳಲೇಬೇಕು. 1956ರಲ್ಲಿ ನಾಡು ಒಂದಾಗುವ ಮುಂಚೆ ಬೆಳಗಾವಿ ಸೀಮೆಯಲ್ಲಿ ಹಣ ಕೊಟ್ಟು ಕನ್ನಡ ಕೇಳುವಂತೆ ಜನರನ್ನು ಕೂರಿಸುವುದು ಸಣ್ಣ ಕೆಲಸವಾಗಿರಲಿಲ್ಲ. ಭಾಷಣ ಮಾಡಿದವರ ಹೆಸರು ನಾವು ನೆನೆಯುತ್ತೇವೆ. ಟಿಕೆಟ್ ಹರಿದು ಕನ್ನಡ ಉಳಿಸಿದ ಕಂಪನಿಯವರನ್ನು ಅಷ್ಟು ನೆನೆಯುವುದಿಲ್ಲ ಎಂಬುದು ನನ್ನ ತಕರಾರು.

ಸೀರೆ ಉಟ್ಟು ಬೆಳೆದ ನಟನ ಕಂಪನಿಯಲ್ಲಿಯೇ ಮುಂದೆ ಲಕ್ಷ್ಮೀಬಾಯಿಯವರು ಅಭಿನೇತ್ರಿಯಾಗಿ ಬೆಳಗಿದರು. ಬಾಳಪ್ಪನವರ ಬಾಳಸಂಗಾತಿಯೂ ಅವರೇ. ಮಗ ನಟರಾಜ ಏಣಗಿಯವರು ರಂಗಭೂಮಿಯಲ್ಲದೆ ಸಿನಿಮಾ, ಕಿರುತೆರೆಯಲ್ಲೂ ಹೆಸರು ಮಾಡಿದರು.

ಆಮೇಲೆ ಸಿನಿಮಾ ಬಂತು, ಟಿ.ವಿ. ಬಂತು. ಒಂದೊಂದೇ ಕಂಪನಿ ಪರದೆ ಸುತ್ತಿತು. ಕಲಾವೈಭವವೂ ನಿಂತಿತು. ಆದರೆ ಬಾಳಪ್ಪನವರ ಹಾಡು ನಿಲ್ಲಲಿಲ್ಲ. ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, ಗುಬ್ಬಿ ವೀರಣ್ಣ ಪ್ರಶಸ್ತಿ, ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವ ಅವರಿಗೆ ಸಂದವು. ಜಾತ್ರೆಯ ಹಲಗೆಯ ರಂಗದಿಂದ ದೆಹಲಿಯ ಅಕಾಡೆಮಿಯವರೆಗಿನ ದಾರಿ ಅದು. ತೊಂಬತ್ತು ದಾಟಿದ ಮೇಲೂ ವೇದಿಕೆಯಲ್ಲಿ ರಂಗಗೀತೆಗೆ ಕೊರಳೆತ್ತಿದರೆ ಕೇಳುವವರು ಸುಮ್ಮನಾಗುತ್ತಿದ್ದರು.

2012ರಲ್ಲಿ ಮಗ ನಟರಾಜರು ತಂದೆಯ ಕಣ್ಣೆದುರೇ ತೀರಿಕೊಂಡರು. ಆಮೇಲೆ ಐದು ವರ್ಷ ಬಾಳಪ್ಪನವರು ಬದುಕಿದ್ದರು. 2017ರ ಆಗಸ್ಟ್ 18ರಂದು ಅವರು ಹೋದಾಗ 103 ವರ್ಷ. ಅವರ ಸ್ತ್ರೀ ಪಾತ್ರಗಳನ್ನು ಕಂಡಿದ್ದವರಲ್ಲಿ ಹೆಚ್ಚಿನವರು ಆಗಲೇ ಇರಲಿಲ್ಲ.